ಬರೆಯೋಕೆ ಕೂತರೆ ಅಳುವ ಮಗು: ಎಲ್ಲಿಂದ ಶುರು ಮಾಡಬೇಕು, ಹೇಗೆ ಮುಂದೆ ಹೋಗಬೇಕು

ಜುಲೈ ಮಳೆಗೆ ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಟ್ಟ ದಿನ ಕೊಡಗಿನ ಎಷ್ಟೋ ಮನೆಗಳಲ್ಲಿ ಒಂದೇ ಗಲಾಟೆ. ವಾಟ್ಸ್ಆ್ಯಪ್‌ನಲ್ಲಿ ಹೋಂವರ್ಕ್ ಬಂದಿರುತ್ತದೆ. ಮಗು ಪೆನ್ಸಿಲ್ ಹಿಡಿದು ಅರ್ಧ ಗಂಟೆ ಆಗಿರುತ್ತದೆ, ಪುಟದಲ್ಲಿ ಎರಡೇ ಸಾಲು, ಅದರಲ್ಲೂ ಒಂದು ಅಳಿಸಿ ಅಳಿಸಿ ಹರಿದುಹೋಗಿರುತ್ತದೆ. ಅಮ್ಮನಿಗೆ ಕೋಪ, ಅಜ್ಜಿಗೆ ಕನಿಕರ, ಅಪ್ಪನ ತೀರ್ಪು ಮಾತ್ರ ಯಾವಾಗಲೂ ಒಂದೇ: "ದಿನಾ ಎರಡು ಪುಟ ಕಾಪಿ ಬರೆಸು, ತಾನಾಗಿ ಸರಿಹೋಗುತ್ತೆ."

ಎಷ್ಟೋ ಸಲ ಸರಿಹೋಗುವುದಿಲ್ಲ. ಯಾಕೆಂದರೆ ಬರೆಯುವಾಗ ಮಗು ಒಂದು ಕೆಲಸ ಮಾಡುತ್ತಿರುವುದಿಲ್ಲ, ಮೂರು ಮಾಡುತ್ತಿರುತ್ತದೆ. ಕೈ ಪೆನ್ಸಿಲನ್ನು ನಡೆಸಬೇಕು, ಕಿವಿಗೆ ಕೇಳಿದ ಶಬ್ದಕ್ಕೆ ಯಾವ ಅಕ್ಷರ ಎಂದು ನೆನಪಾಗಬೇಕು, ಏನು ಬರೆಯಬೇಕೆಂಬ ಯೋಚನೆಯೂ ನಡೆಯುತ್ತಿರಬೇಕು. ಇದರಲ್ಲಿ ಯಾವುದೋ ಒಂದು ಸಿಕ್ಕಿಕೊಂಡರೆ ಮೂರೂ ನಿಲ್ಲುತ್ತವೆ. ಯಾವುದು ಸಿಕ್ಕಿಕೊಂಡಿದೆ ಎಂದು ನೋಡದೆ ಸುಮ್ನೆ ಪುಟ ತುಂಬಿಸಿದರೆ ತಪ್ಪು ರೂಢಿಯೇ ಗಟ್ಟಿಯಾಗುತ್ತದೆ. ಈ ಮೂರನ್ನೂ ಬಿಡಿಸಿ, ಬೇರೆ ಬೇರೆ ಹೊತ್ತಿನಲ್ಲಿ ಕಲಿಸಿ. ಕೆಳಗೆ ಬರೆದಿರುವುದೆಲ್ಲ ಇದನ್ನೇ ಮಾಡುವ ದಾರಿ. ಒಂದರಿಂದ ಐದನೇ ಕ್ಲಾಸಿನವರೆಗಿನ ಮಕ್ಕಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದಿದ್ದೇನೆ.

ಎಲ್ಲಿ ಸಿಕ್ಕಿಕೊಂಡಿದೆ? ಮೊದಲು ಅದನ್ನು ಪತ್ತೆ ಮಾಡಿ

ಇದಕ್ಕೆ ಅವಸರ ಬೇಡ. ಮೂರು ದಿನ ತೆಗೆದುಕೊಳ್ಳಿ, ದಿನಕ್ಕೆ ಒಂದು ಸಣ್ಣ ಕೆಲಸ. ಪರೀಕ್ಷೆ ಅಂತ ಮಗುವಿಗೆ ಹೇಳಲೇಬೇಡಿ.

ಮೊದಲ ದಿನ ಗೊತ್ತಿರುವ ಪಾಠದಿಂದ ಮೂರು ನಾಲ್ಕು ಸಾಲು ನೋಡಿ ಬರೆಯಲಿ. ಬರೆದದ್ದನ್ನು ನೋಡಬೇಡಿ, ಬರೆಯುವ ಮಗುವನ್ನು ನೋಡಿ. ಒಂದೊಂದು ಅಕ್ಷರಕ್ಕೂ ತಲೆ ಎತ್ತಿ ಪುಸ್ತಕ ನೋಡುತ್ತದಾ? ಬೆರಳು ಬೆಳ್ಳಗಾಗುವಷ್ಟು ಒತ್ತುತ್ತದಾ? ನಡುವೆ ಕೈ ಕೊಡವುತ್ತದಾ? ಸಾಲು ಹಾರಿಸುತ್ತದಾ? ಮುಗಿದ ಮೇಲೆ, ತಾನು ಬರೆದದ್ದನ್ನು ತಾನೇ ಓದಲು ಹೇಳಿ. ಇದು ಮುಖ್ಯ. ಚಂದವಾಗಿ ಬರೆದು, ಒಂದು ಪದವನ್ನೂ ಓದಲಾಗದ ಮಕ್ಕಳಿರುತ್ತಾರೆ. ಅವರು ಬರೆಯುತ್ತಿಲ್ಲ, ಚಿತ್ರ ಬಿಡಿಸುತ್ತಿದ್ದಾರೆ. ಅಂಥ ಮಗುವಿಗೆ ಬರವಣಿಗೆಯ ಪಾಠ ಆಮೇಲೆ, ಓದು ಮೊದಲು.

ಎರಡನೇ ದಿನ ಉಕ್ತಲೇಖನ. ಎಂಟು ಹತ್ತು ಪದ ಸಾಕು, ಮಗುವಿಗೆ ಅರ್ಥ ಗೊತ್ತಿರುವ ಪದಗಳೇ ಇರಲಿ.

ಮೂರನೇ ದಿನ ನಿನ್ನೆ ಏನು ನಡೆಯಿತು, ತೋಟಕ್ಕೆ ಆನೆ ಬಂದಾಗ ಏನಾಯಿತು, ಹಾಕಿ ಮ್ಯಾಚಿನಲ್ಲಿ ಯಾರು ಗೋಲ್ ಹೊಡೆದರು, ಯಾವುದಾದರೂ ಒಂದನ್ನು ಬಾಯಲ್ಲಿ ಹೇಳಿಸಿ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಆಮೇಲೆ ಅದನ್ನೇ ಬರೆಯಲು ಹೇಳಿ.

ಈಗ ಮೂರು ಹಾಳೆಗಳನ್ನೂ ಪಕ್ಕ ಪಕ್ಕ ಇಡಿ. ನೋಡಿ ಬರೆಯುವುದೇ ಕಷ್ಟ ಆಗಿದ್ದರೆ ತೊಂದರೆ ಕೈಯಲ್ಲೋ ಕಣ್ಣಿನಲ್ಲೋ ಇರಬಹುದು. ನೋಡಿ ಬರೆದದ್ದು ಚೆನ್ನಾಗಿದ್ದು ಉಕ್ತಲೇಖನ ಹಾಳಾಗಿದ್ದರೆ ಶಬ್ದಕ್ಕೂ ಅಕ್ಷರಕ್ಕೂ ಗಂಟು ಬಿದ್ದಿಲ್ಲ. ಎರಡೂ ಪರವಾಗಿಲ್ಲ, ಆದರೆ ಬಾಯಲ್ಲಿ ಐದು ನಿಮಿಷ ಹೇಳಿದ ಆನೆಯ ಕತೆ ಹಾಳೆಯ ಮೇಲೆ "ಆನೆ ಬಂತು. ಹೋಯ್ತು." ಆಗಿದ್ದರೆ, ಬರೆಯುವ ಭಾರಕ್ಕೆ ಹೆದರಿ ಮಗು ಯೋಚನೆಯನ್ನೇ ಕತ್ತರಿಸಿಬಿಟ್ಟಿದೆ ಎಂದು ಅರ್ಥ. ಬಾಯಲ್ಲೂ ಎರಡೇ ವಾಕ್ಯ ಬಂದರೆ ಬರೆಸುವುದನ್ನು ಬಿಟ್ಟು ಸ್ವಲ್ಪ ದಿನ ಮಾತಾಡಿಸಿ, ಕತೆ ಹೇಳಿ.

ಹಾಗೆಯೇ ಕಣ್ಣು, ಕಿವಿ ಒಮ್ಮೆ ತೋರಿಸಿಬಿಡಿ. ಪುಸ್ತಕದಿಂದ ಸರಿಯಾಗಿ ಬರೆದು ಬೋರ್ಡಿನಿಂದ ತಪ್ಪು ಬರೆಯುವ ಮಗುವಿಗೆ ಕನ್ನಡಕ ಬೇಕಿರಬಹುದು. ಮಳೆಗಾಲದಲ್ಲಿ ಪದೇ ಪದೇ ನೆಗಡಿಯಾಗಿ ಕಿವಿ ಸೋರುವ ಮಕ್ಕಳಿಗೆ ಶಬ್ದ ಮಂದವಾಗಿ ಕೇಳುತ್ತದೆ, ಉಕ್ತಲೇಖನ ತಪ್ಪುವುದು ಅದರಿಂದಲೂ ಇರಬಹುದು.

ಕೂರುವುದು, ಹಿಡಿಯುವುದು, ಬೆಚ್ಚಗಾಗುವುದು

ಹಾಸಿಗೆ ಮೇಲೆ ಬೋರಲು ಮಲಗಿ ಬರೆಯುವುದು ಬೇಡ. ಪಾದ ನೆಲಕ್ಕೆ ತಾಗಬೇಕು, ಮೊಣಕೈ ಮೇಜಿನ ಮೇಲೆ ಆರಾಮಾಗಿ ಕೂರಬೇಕು. ದೊಡ್ಡವರ ಕುರ್ಚಿಯಾದರೆ ಕಾಲ ಕೆಳಗೆ ಒಂದು ಮಣೆ ಇಡಿ. ತೋಟದ ಕೆಲಸಗಾರರ ಲೈನ್‌ಮನೆಯಲ್ಲಿ ಮೇಜಿಲ್ಲ ಅಂದರೆ ನೆಲದಲ್ಲಿ ಚಕ್ಕಳಮಕ್ಕಳ ಹಾಕಿ, ಮುಂದೆ ಮಗುವಿನ ಹೊಟ್ಟೆಯ ಎತ್ತರಕ್ಕೆ ಗಟ್ಟಿ ಪೆಟ್ಟಿಗೆ ಬೋರಲು ಹಾಕಿದರೂ ಸಾಕು. ಕರೆಂಟು ಹೋದಾಗ ಎಮರ್ಜೆನ್ಸಿ ಲೈಟನ್ನು ಬಲಗೈ ಮಗುವಿಗೆ ಎಡಗಡೆ ಇಡಿ, ಎಡಗೈ ಮಗುವಿಗೆ ಬಲಗಡೆ. ಇಲ್ಲದಿದ್ದರೆ ಬರೆಯುವ ಜಾಗದ ಮೇಲೆ ಕೈಯ ನೆರಳೇ ಬೀಳುತ್ತದೆ.

ಇನ್ನೊಂದು ನಮ್ಮ ಕಡೆಯ ವಿಷಯ, ಚಳಿ. ಸುರಿಯುವ ಮಳೆಯಲ್ಲಿ ನೆನೆದು ಬಂದ ಮಗುವಿನ ಬೆರಳು ಮರಗಟ್ಟಿರುತ್ತದೆ. ಆ ಕೈಗೆ ತಕ್ಷಣ ಪೆನ್ಸಿಲ್ ಕೊಟ್ಟರೆ ಯಾವ ಅಕ್ಷರ ತಾನೇ ನೆಟ್ಟಗೆ ಬರುತ್ತದೆ? ಬಿಸಿ ಹಾಲಿನ ಲೋಟವನ್ನು ಎರಡು ನಿಮಿಷ ಎರಡೂ ಕೈಯಲ್ಲಿ ಹಿಡಿದುಕೊಳ್ಳಲಿ, ಅಂಗೈ ಉಜ್ಜಲಿ, ಆಮೇಲೆ ಬರೆಯಲಿ.

ಪೆನ್ಸಿಲ್ ಹಿಡಿತಕ್ಕೆ ಒಂದು ಸುಲಭದ ಉಪಾಯ ಇದೆ. ಒಂದೆರಡು ಕಾಫಿ ಬೀಜವನ್ನು ಕಿರುಬೆರಳು ಮತ್ತು ಉಂಗುರ ಬೆರಳಿನಿಂದ ಅಂಗೈಗೆ ಒತ್ತಿ ಹಿಡಿದುಕೊಳ್ಳಲು ಹೇಳಿ. ಉಳಿದ ಮೂರು ಬೆರಳು ತಾವಾಗಿ ಪೆನ್ಸಿಲಿಗೆ ಬರುತ್ತವೆ: ಹೆಬ್ಬೆರಳು ಮತ್ತು ತೋರುಬೆರಳು ಹಿಡಿಯುತ್ತವೆ, ನಡುಬೆರಳು ಕೆಳಗಿನಿಂದ ಆಧಾರ ಕೊಡುತ್ತದೆ. ಚಿಕ್ಕ ಮಕ್ಕಳಿಗೆ ಹೊಸ ಉದ್ದ ಪೆನ್ಸಿಲಿಗಿಂತ ಬೆರಳುದ್ದದ ಚೋಟು ಪೆನ್ಸಿಲ್ಲೇ ವಾಸಿ, ಮುಷ್ಟಿಯಲ್ಲಿ ಹಿಡಿಯಲು ಅದರಲ್ಲಿ ಜಾಗವೇ ಇರುವುದಿಲ್ಲ. ಮೂರು ಮೂಲೆಯ ಪೆನ್ಸಿಲ್ ಅಂಗಡಿಯಲ್ಲಿ ಸಿಕ್ಕರೆ ಇನ್ನೂ ಒಳ್ಳೆಯದು. ಜಾಸ್ತಿ ಒತ್ತುವ ಮಗುವಿಗೆ 2ಬಿ ಪೆನ್ಸಿಲ್ ಕೊಡಿ, ಮೆಲ್ಲಗೆ ತಾಗಿಸಿದರೂ ಕಪ್ಪಗೆ ಮೂಡುತ್ತದೆ.

ಪುಸ್ತಕ ನೇರವಾಗಿ ಇರಬೇಕಿಲ್ಲ. ಬಲಗೈಯವರಿಗೆ ಪುಸ್ತಕದ ಮೇಲ್ತುದಿ ಸ್ವಲ್ಪ ಎಡಕ್ಕೆ ವಾಲಲಿ, ಎಡಗೈಯವರಿಗೆ ಬಲಕ್ಕೆ. ಎಡಗೈ ಮಕ್ಕಳು ಪೆನ್ಸಿಲನ್ನು ತುದಿಯಿಂದ ಒಂದು, ಒಂದೂವರೆ ಇಂಚು ಮೇಲೆ ಹಿಡಿದರೆ ಬರೆದದ್ದು ಅವರಿಗೇ ಕಾಣುತ್ತದೆ, ಮಣಿಕಟ್ಟು ಸೊಟ್ಟ ಮಾಡಬೇಕಾಗುವುದಿಲ್ಲ. ಎಡಗೈಯನ್ನು ಬಲಗೈಗೆ ಬದಲಾಯಿಸುವ ಕೆಲಸಕ್ಕೆ ಮಾತ್ರ ಹೋಗಲೇಬೇಡಿ. ಊಟಕ್ಕೆ, ಪೂಜೆಗೆ ಬಲಗೈ ಅನ್ನುವ ಅಜ್ಜಿಯ ಜೊತೆ ಜಗಳ ಆಡಬೇಕಿಲ್ಲ, ಬರೆಯುವಾಗ ಎಡಗೈ ಇರಲಿ ಅಂತ ಒಪ್ಪಿಸಿದರೆ ಸಾಕು.

ಕೈಗೆ ಬಲ ಅಡುಗೆಮನೆಯಲ್ಲಿ ಬರುತ್ತದೆ

ಬೆರಳಿಗೆ ಶಕ್ತಿ ಇಲ್ಲದ ಮಗುವಿಗೆ ಬರವಣಿಗೆಯಿಂದ ಶಕ್ತಿ ಬರಿಸಲು ಹೋಗಬಾರದು, ಆಗ ನೋವು ಮತ್ತು ಬರವಣಿಗೆ ಒಂದೇ ಆಗಿಬಿಡುತ್ತವೆ. ನಮ್ಮ ಅಡುಗೆಮನೆಯಲ್ಲೇ ಬೇಕಾದಷ್ಟು ಕೆಲಸ ಇದೆ. ಕಡಂಬುಟ್ಟಿನ (ಅಕ್ಕಿತರಿಯ ಕಡುಬಿನ) ಉಂಡೆ ಕಟ್ಟಿಸಿ, ಕೈಗೆ ಹದವಾಗಿ ಆರಿದ ಮೇಲೆ. ಒಂದೇ ಗಾತ್ರದ ಉಂಡೆ ಬರಬೇಕು ಎಂದು ಪಂಥ ಕಟ್ಟಿ. ಅಕ್ಕಿ ಒಟ್ಟಿಯ (ರೊಟ್ಟಿಯ) ಹಿಟ್ಟು ನಾದಲಿ. ಕಿತ್ತಳೆ ಹಣ್ಣಿನ ಸಿಪ್ಪೆ ಬಿಡಿಸಿ, ತೊಳೆಯ ಮೇಲಿನ ಬಿಳಿ ನಾರನ್ನು ಒಂದೊಂದಾಗಿ ತೆಗೆಯಲಿ. ಅವರೆಕಾಳು ಬಿಡಿಸಲಿ. ಒಳ್ಳೆಮೆಣಸಿನ ಗೊಂಚಲಿನಿಂದ ಕಾಳನ್ನು ಎರಡೇ ಬೆರಳಲ್ಲಿ ಬಿಡಿಸಲಿ, ಆಮೇಲೆ ಕೈ ತೊಳೆಸುವುದನ್ನು ಮರೆಯಬೇಡಿ, ಕಣ್ಣುಜ್ಜಿಕೊಂಡರೆ ಆ ದಿನದ ಪಾಠ ಮುಗಿದ ಹಾಗೇ. ಬಟ್ಟೆ ಒಣಹಾಕುವ ಕ್ಲಿಪ್ ಒತ್ತುವುದು, ಹೂ ಕಟ್ಟುವುದು, ಕತ್ತರಿಯಲ್ಲಿ ಹಳೇ ಪೇಪರ್ ಕತ್ತರಿಸುವುದು ಎಲ್ಲವೂ ಆಗುತ್ತದೆ. ಮಗುವನ್ನು ತೋಟದ ಕೆಲಸಕ್ಕೆ ಹಚ್ಚಿ ಎಂದು ಹೇಳುತ್ತಿಲ್ಲ, ಹತ್ತು ನಿಮಿಷದ ಆಟ ಅಷ್ಟೇ.

ಭುಜವೂ ಗಟ್ಟಿ ಇರಬೇಕು. ಬೇಸಿಗೆಯಲ್ಲಿ ಕಾಫಿ ಒಣಗಿಸುವ ಕಣ ಖಾಲಿ ಇದ್ದರೆ ಸೀಮೆಸುಣ್ಣ ಕೊಟ್ಟು ದೊಡ್ಡ ದೊಡ್ಡ ಅಕ್ಷರ ಬರೆಸಿ. ಮಳೆಗಾಲದಲ್ಲಿ ಗೋಡೆಗೆ ಒಂದು ಕಪ್ಪು ಹಲಗೆ ನೇತುಹಾಕಿ, ನಿಂತು ಬರೆಯಲಿ. ನಿಂತು ಬರೆಯುವಾಗ ಭುಜ, ಮಣಿಕಟ್ಟು ತಾವಾಗಿ ಸರಿಯಾದ ರೀತಿಗೆ ಬರುತ್ತವೆ.

ಅಕ್ಷರಗಳನ್ನು ಯಾವ ಸಾಲಿನಲ್ಲಿ ಕಲಿಸಬೇಕು

ಕನ್ನಡ ವರ್ಣಮಾಲೆಯಲ್ಲಿ 49 ಅಕ್ಷರ. ಎಲ್ಲವನ್ನೂ ಅ ಆ ಇ ಈ ಎಂದು ಅದೇ ಸಾಲಿನಲ್ಲಿ ಬರೆಸುವುದು ಕಷ್ಟದ ದಾರಿ, ಶುರುವಿನಲ್ಲೇ ಈ, ಋ ತರಹದವು ಎದುರಾಗುತ್ತವೆ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಬಹಳ ಕಾಲದಿಂದ ಇರುವ "ರ ಗ ಸ ದ ಅ", ಆಮೇಲೆ "ಜ ವ ಮ ಬ ನ" ಕ್ರಮವೇ ಕೈಗೆ ಸುಲಭ. ಮೊದಲ ಐದು ಅಕ್ಷರದಲ್ಲೇ ಸರ, ರಸ, ದರ, ಅರಸ, ಅಗಸ, ಗರಗಸ ಬರೆಯಬಹುದು. ಐದೇ ಅಕ್ಷರ ಕಲಿತ ಮಗು "ಗರಗಸ" ಎಂದು ಬರೆದು ತಾನೇ ಓದಿದಾಗ ಅದರ ಮುಖ ನೋಡಬೇಕು.

ಒಂದು ಅಕ್ಷರಕ್ಕೆ ನಾಲ್ಕು ಹಂತ. ಗಾಳಿಯಲ್ಲಿ ಇಡೀ ತೋಳು ಆಡಿಸಿ ಬರೆಯುವುದು, ತಟ್ಟೆಯಲ್ಲಿ ಅಕ್ಕಿಹಿಟ್ಟೋ ಮರಳೋ ಹರಡಿ ಬೆರಳಲ್ಲಿ ಬರೆಯುವುದು, ಸ್ಲೇಟಿನಲ್ಲಿ ದೊಡ್ಡದಾಗಿ, ಕೊನೆಗೆ ಪುಸ್ತಕದಲ್ಲಿ. ಪ್ರತಿ ಸಲವೂ ಬಾಯಲ್ಲಿ ಅಕ್ಷರದ ಶಬ್ದ ಹೇಳುತ್ತಲೇ ಬರೆಯಲಿ. ಕೈ ಎಲ್ಲಿಂದ ಹೊರಡಬೇಕು, ತಲಕಟ್ಟು ಮೊದಲೋ ಕೊನೆಗೋ ಎಂಬುದನ್ನು ಟೀಚರ್ ಹೇಗೆ ಕಲಿಸಿದ್ದಾರೋ ಹಾಗೇ ಮಾಡಿಸಿ. ಮನೆಯಲ್ಲೊಂದು ರೀತಿ, ಶಾಲೆಯಲ್ಲೊಂದು ರೀತಿ ಆದರೆ ಮಗು ಎರಡೂ ಕಡೆ ಬೈಸಿಕೊಳ್ಳುತ್ತದೆ.

ಒಂದರಂತೆ ಇನ್ನೊಂದು ಕಾಣುವ ಅಕ್ಷರಗಳನ್ನು ಒಂದೇ ದಿನ ಕಲಿಸಬೇಡಿ. ದ, ಧ, ಥ. ಪ, ಷ, ಫ. ಬ, ಭ. ವ, ಮ. ಒಂದು ಗಟ್ಟಿಯಾಗಿ ಕೂತ ಮೇಲೆ, ವಾರವೋ ಎರಡು ವಾರವೋ ಬಿಟ್ಟು ಇನ್ನೊಂದನ್ನು ತನ್ನಿ.

ಕಾಗುಣಿತಕ್ಕೆ ಬಂದಾಗ ಇಳಿ, ಗುಡಿಸು, ಕೊಂಬು ಮೂರನ್ನು ಮೊದಲು ಹಿಡಿಯಿರಿ. ಕ, ಕಾ, ಕಿ ಎಂದು ಇಡೀ ಸಾಲನ್ನು ಹಾಡಿಸುವುದರಿಂದ ಬಾಯಿಪಾಠ ಬರುತ್ತದೆ, ಬರವಣಿಗೆ ಬರುವುದಿಲ್ಲ. ನಡುವಿನಿಂದ "ಕೇ ಬರಿ" ಅಂದರೆ ಮಗು ಮೊದಲಿಂದ ಎಣಿಸುತ್ತದೆ ಅಲ್ವಾ? ಅದರ ಬದಲು ಪದಗಳಲ್ಲಿ ಕಲಿಸಿ. ಮಗು ಎಡವುವ ಒಂದೆರಡು ಜಾಗವನ್ನು ನೀವೇ ಮೊದಲು ಹೇಳಿಬಿಡಿ. ವ ಅಕ್ಷರಕ್ಕೆ ಕೊಂಬನ್ನು ಪಕ್ಕದಲ್ಲಿ ಸೇರಿಸಿದರೆ ಅದು ಮ ಥರ ಕಂಡುಬಿಡುತ್ತದೆ, ಅದಕ್ಕೇ ವು, ಪು ಬರೆಯುವಾಗ ಕೊಂಬು ಕೆಳಗಿಳಿಯುತ್ತದೆ. ಕಾರಣ ಹೇಳಿದರೆ ನೆನಪಿರುತ್ತದೆ.

ಒತ್ತಕ್ಷರಕ್ಕೆ ಬಸ್ಸಿನ ಬೋರ್ಡು

ಕನ್ನಡ ಬರೆಯಲು ಕಷ್ಟಪಡುವ ಜಾಸ್ತಿ ಮಕ್ಕಳು ಸೋಲುವುದು ಇಲ್ಲೇ, ಹಾಗಾಗಿ ಇಲ್ಲಿ ನಿಧಾನ. ಒತ್ತಕ್ಷರಗಳಲ್ಲಿ ಎರಡು ಜಾತಿ. ಕ, ಗ, ಜ, ಟ, ಡ, ಪ, ಬ ಇವುಗಳ ಒತ್ತು ಹೆಚ್ಚುಕಡಿಮೆ ಅದೇ ಅಕ್ಷರದ ತಲಕಟ್ಟಿಲ್ಲದ ಸಣ್ಣ ರೂಪ. ತ, ನ, ಮ, ಯ, ರ, ಲ ಇವುಗಳ ಒತ್ತಿಗೆ ಬೇರೆಯೇ ಆಕಾರ, ಅದನ್ನು ಹೊಸ ಅಕ್ಷರ ಎಂದೇ ಕಲಿಸಬೇಕು. ಮೊದಲ ಜಾತಿ ಪೂರ್ತಿ ಬಂದ ಮೇಲೆ ಎರಡನೆಯದಕ್ಕೆ ಹೋಗಿ.

ಪದಗಳಿಗೆ ಎಲ್ಲೂ ಹುಡುಕಬೇಕಿಲ್ಲ, ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ಸಾಕು. ಒತ್ತಕ್ಷರವೇ ಇಲ್ಲದ, ಬರೀ ಕಾಗುಣಿತ ಸಾಕಾಗುವ ಊರು: ಮಡಿಕೇರಿ, ವಿರಾಜಪೇಟೆ, ಕುಶಾಲನಗರ, ಸೋಮವಾರಪೇಟೆ. ಸುಲಭದ ಒತ್ತು: ಕುಟ್ಟ, ಕಕ್ಕಬ್ಬೆ, ಗೋಣಿಕೊಪ್ಪ. ಆಕಾರ ಬದಲಾಗುವ ಒತ್ತು: ಅಮ್ಮತ್ತಿ, ಪೊನ್ನಂಪೇಟೆ. ಬೇರೆ ಅಕ್ಷರಕ್ಕೆ ಬೇರೆ ಒತ್ತು: ನಾಪೋಕ್ಲು. ಕೊಡಗಿನ ಊರುಗಳ ಹೆಸರಲ್ಲೇ ಒಂದು ವರ್ಷದ ಪಾಠ ಇದೆ, ಮಗುವಿಗೂ ಅವು ಪರಿಚಯದ ಹೆಸರು. ರಟ್ಟಿನಲ್ಲಿ ಬೋರ್ಡು ಬರೆದು ಮನೆಯಲ್ಲಿ ಬಸ್ ಆಟ ಆಡಿ, ಕಂಡಕ್ಟರ್ ಮಗುವೇ ಆಗಿರಲಿ, ಟಿಕೆಟ್ ಮೇಲೆ ಊರಿನ ಹೆಸರು ಬರೆದು ಕೊಡಲಿ.

ಒತ್ತಕ್ಷರದಲ್ಲಿ ಮೊದಲು ಕೇಳುವ ಶಬ್ದ ಮೇಲೆ, ಆಮೇಲೆ ಕೇಳುವುದು ಕೆಳಗೆ. ಈ ನಿಯಮ ಗಟ್ಟಿಯಾದ ಮೇಲೆ ಮಾತ್ರ ಅರ್ಕಾವೊತ್ತು ತನ್ನಿ. "ಸೂರ್ಯ"ದಲ್ಲಿ ರ ಮೊದಲು ಕೇಳಿಸುತ್ತದೆ, ಬರೆಯುವುದು ಮಾತ್ರ ಆಮೇಲೆ. ಇದು ನಿಯಮಕ್ಕೆ ಉಲ್ಟಾ, ಅದಕ್ಕೇ ಮಕ್ಕಳು ರ ಮೇಲೆ ಬರೆದು ಅದರ ಕೆಳಗೆ ಯ ಒತ್ತು ಹಾಕುತ್ತಾರೆ. ಅದು ದಡ್ಡತನ ಅಲ್ಲ, ಕಲಿತ ನಿಯಮವನ್ನು ಸರಿಯಾಗಿ ಪಾಲಿಸಿದ್ದಾರೆ ಅಷ್ಟೇ.

ಮತ್ತೊಂದು ಸಣ್ಣ ಮಾತು, ಆದರೆ ತುಂಬ ಉಪಯೋಗದ್ದು. ಸಾಮಾನ್ಯ ಗೆರೆ ಪುಸ್ತಕದಲ್ಲಿ ಒತ್ತಕ್ಷರಕ್ಕೆ ಜಾಗ ಸಾಲುವುದಿಲ್ಲ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ, ಪುಟವೆಲ್ಲ ಗೋಜಲು. ಒಂದು ಸಾಲು ಬಿಟ್ಟು ಒಂದು ಸಾಲು ಬರೆಯಲಿ. ಎಷ್ಟೋ ಮಕ್ಕಳ "ಕೆಟ್ಟ ಅಕ್ಷರ" ಇಷ್ಟಕ್ಕೇ ಅರ್ಧ ಸರಿಯಾಗುತ್ತದೆ. ಪುಸ್ತಕ ಬೇಗ ಖರ್ಚಾಗುತ್ತದೆ, ಆಗಲಿ.

ಕಿವಿಯಿಂದ ಕೈಗೆ

ಉಕ್ತಲೇಖನದಲ್ಲಿ ಸೋಲುವ ಮಗುವಿಗೆ ಹೀಗೆ ಮಾಡಿ. ನೀವು ಪದ ಹೇಳಿ, ಮಗು ಅದನ್ನು ತಿರುಗಿ ಹೇಳಲಿ, ಅಕ್ಷರಕ್ಕೊಂದು ಚಪ್ಪಾಳೆ ತಟ್ಟಲಿ, ಚಪ್ಪಾಳೆ ಎಣಿಸಿ ಅಷ್ಟು ಚುಕ್ಕಿ ಇಡಲಿ, ಆಮೇಲೆ ಚುಕ್ಕಿಯ ಮೇಲೆ ಅಕ್ಷರ ಬರೆಯಲಿ. ನಿಧಾನ ಅನ್ನಿಸುತ್ತದೆ, ಆದರೆ ಅಕ್ಷರ ನುಂಗುವುದು ಇದರಿಂದ ನಿಲ್ಲುತ್ತದೆ. ದೀರ್ಘ ಮರೆಯುವ ಮಕ್ಕಳಿಗೆ ಜೋಡಿ ಪದ ಕೊಡಿ: ಬಳೆ, ಬಾಳೆ. ಮರ, ಮಾರ. ದೀರ್ಘ ಬಂದಲ್ಲಿ ಕೈಯನ್ನು ಅಗಲಕ್ಕೆ ಎಳೆಯಲಿ. ಒತ್ತು ಮರೆಯುವವರಿಗೆ ಹಳಿ, ಹಳ್ಳಿ. ಕತೆ, ಕತ್ತೆ. ಕತೆ ಬರೆಯೋಕೆ ಹೋಗಿ ಕತ್ತೆ ಬರೆದರೆ ಮಕ್ಕಳೇ ನಕ್ಕು ತಿದ್ದಿಕೊಳ್ಳುತ್ತಾರೆ.

ಮಹಾಪ್ರಾಣದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ನಾವು ಮಾತಾಡುವಾಗ ಭ, ಧ, ಘ ಹೆಚ್ಚಾಗಿ ಬಾಯಿಗೇ ಬರುವುದಿಲ್ಲ, ಮಗು ಕೇಳದ ಶಬ್ದವನ್ನು ಹೇಗೆ ಬರೆದೀತು? ಭಾಗಮಂಡಲ, ಧನ್ಯವಾದ, ಮೇಘ ತರಹದ ಕೆಲವೇ ಪದಗಳ ಪಟ್ಟಿ ಮಾಡಿ ಗೋಡೆಗೆ ಅಂಟಿಸಿ, ಕಣ್ಣಿಗೆ ರೂಢಿಯಾಗಲಿ.

ಮನೆಮಾತಿನ ವಿಷಯವೂ ಇಲ್ಲೇ ಬರುತ್ತದೆ. ನಮ್ಮ ಒಂದೇ ಕ್ಲಾಸಿನಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಯರವ, ತಮಿಳು ಮಾತಾಡುವ ಮಕ್ಕಳು ಕೂತಿರುತ್ತಾರೆ. ಹಾಲು, ಹೂವು ಬರೆಯುವ ಕಡೆ ಪಾಲು, ಪೂವು ಎಂದು ಬರೆದರೆ ಮಗುವಿನ ಕಿವಿ ಸರಿಯಾಗಿಯೇ ಇದೆ ಎಂದು ತಿಳಿಯಿರಿ. ಇದು ಬರವಣಿಗೆಯ ತೊಂದರೆ ಅಲ್ಲ, ಕನ್ನಡ ಇನ್ನೂ ಸಾಕಷ್ಟು ಕೇಳಿಲ್ಲ ಅಷ್ಟೇ. ಮದ್ದು ಜಾಸ್ತಿ ಕನ್ನಡ ಕತೆ, ಜಾಸ್ತಿ ಮಾತು. ಮನೆಮಾತನ್ನು ನಿಲ್ಲಿಸುವುದಂತೂ ಅಲ್ಲವೇ ಅಲ್ಲ.

ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಮೂರು ಲಿಪಿಯ ಭಾರ. ಬಿ, ಡಿ ತಿರುಗಿಸಿ ಬರೆಯುವುದು ಏಳು ವರ್ಷದವರೆಗೂ ಸಾಮಾನ್ಯ. ಮನೆಯ ಅಭ್ಯಾಸ ಒಂದು ಸಲಕ್ಕೆ ಒಂದೇ ಲಿಪಿಯಲ್ಲಿ ಇರಲಿ.

ಯೋಚನೆಯನ್ನು ಕೈಯಿಂದ ಬಿಡಿಸಿ

ಮಗು ಹೇಳಲಿ, ನೀವು ಬರೆಯಿರಿ. ಹೇಳಿದ್ದನ್ನು ಹಾಗೇ ಬರೆಯಿರಿ, ತಿದ್ದಬೇಡಿ. ಓದಿ ತೋರಿಸಿ. ಆಮೇಲೆ ಅದರಲ್ಲಿ ಮಗುವಿಗೆ ಇಷ್ಟವಾದ ಒಂದೇ ವಾಕ್ಯವನ್ನು ಅದು ತನ್ನ ಕೈಯಲ್ಲಿ ಬರೆಯಲಿ. ಸ್ವಲ್ಪ ದಿನ ಕಳೆದ ಮೇಲೆ ಎರಡು ವಾಕ್ಯ. ನಿಮಗೆ ಬರೆಯಲು ಪುರುಸೊತ್ತಿಲ್ಲದಿದ್ದರೆ, ಕಾಫಿ ಕೊಯ್ಲಿನ ಡಿಸೆಂಬರ್, ಜನವರಿಯಲ್ಲಿ ಯಾರಿಗೆ ತಾನೇ ಪುರುಸೊತ್ತು, ಫೋನಿನ ಕೀಬೋರ್ಡಿನಲ್ಲಿ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿದರೆ ಅದೇ ಬರೆದುಕೊಡುತ್ತದೆ. ತಪ್ಪು ಬಿದ್ದ ಪದಗಳನ್ನು ಮಗುವೇ ಹುಡುಕಲಿ, ಯಂತ್ರದ ತಪ್ಪು ಹಿಡಿಯುವುದೆಂದರೆ ಅವರಿಗೆ ಭಾರೀ ಖುಷಿ.

ದೊಡ್ಡ ಮಕ್ಕಳಿಗೆ ಪ್ರಬಂಧ ಕೊಟ್ಟಿದ್ದರೆ ಹಾಳೆಯನ್ನು ಮೂರು ಚೌಕ ಮಾಡಿ, ಮೊದಲು ಚಿತ್ರ ಬಿಡಿಸಲಿ: ಮೊದಲು ಏನು, ಆಮೇಲೆ ಏನು, ಕೊನೆಗೆ ಏನು. ಪ್ರತಿ ಚೌಕದ ಕೆಳಗೆ ನಾಲ್ಕೈದು ಬಿಡಿ ಪದ. ನಮ್ಮ ಸುಗ್ಗಿ ಹಬ್ಬ ಪುತ್ತರಿ ಬಗ್ಗೆಯಾದರೆ ಕದಿರು, ಕೋಲಾಟ, ಪಾಯಸ, ಪಟಾಕಿ. ವಾಕ್ಯ ಕೊನೆಗೆ.

ತಿದ್ದುವುದು

ದಿನಕ್ಕೆ ಒಂದೇ ಬಗೆಯ ತಪ್ಪು ತಿದ್ದಿ. ಇವತ್ತು ದೀರ್ಘ ಅಂದರೆ ದೀರ್ಘ ಮಾತ್ರ, ಉಳಿದ ತಪ್ಪು ಕಂಡರೂ ಕಾಣದ ಹಾಗೆ ಇರಿ. ಕೆಂಪು ಪೆನ್ನು ಬೇಡ. ಮೊದಲು ಚೆನ್ನಾಗಿ ಬಂದ ಒಂದು ಅಕ್ಷರವನ್ನು ಮಗುವೇ ಆರಿಸಿ ಸುತ್ತ ಗೆರೆ ಎಳೆಯಲಿ. ಒಂದು ತಪ್ಪಿಗೆ ಹತ್ತು ಸಲ ಇಂಪೊಸಿಷನ್ ಬೇಡ, ಮೂರನೇ ಸಲಕ್ಕೇ ಮಗುವಿನ ತಲೆ ಬೇರೆ ಕಡೆ ಹೋಗಿರುತ್ತದೆ, ಕೈ ಮಾತ್ರ ಓಡುತ್ತಿರುತ್ತದೆ. ಒಟ್ಟು ಹತ್ತು ಹದಿನೈದು ನಿಮಿಷ, ದಿನಾ. ಭಾನುವಾರ ಒಂದೂವರೆ ಗಂಟೆ ಕೂರಿಸುವುದಕ್ಕಿಂತ ಇದೇ ಮೇಲು.

ಅಕ್ಷರ ಮುದ್ದಾಗಿಲ್ಲ ಎಂಬ ಚಿಂತೆ ಕೊನೆಯದು. ಕೈಬರಹ ಚೆನ್ನಾಗಿದ್ದವರ ಹಣೆಬರಹ ಚೆನ್ನಾಗಿರಲ್ಲ ಅಂತ ತಮಾಷೆ ಮಾಡುತ್ತಾರಲ್ಲ, ಅಷ್ಟು ದೂರ ಬೇಡ, ಬೇರೆಯವರಿಗೆ ಓದಲು ಬಂದರೆ ಸಾಕು.

ಟೀಚರ್ ಹತ್ತಿರ ಏನು ಕೇಳಬೇಕು

ದೂರು ಹೇಳಲು ಹೋಗಬೇಡಿ, ಆ ಮೂರು ಹಾಳೆ ತೋರಿಸಿ. ಮುಂದಿನ ಬೆಂಚಿನಲ್ಲಿ ಕೂರಿಸಬಹುದಾ, ಪ್ರಶ್ನೆ ಬರೆಯದೆ ಉತ್ತರ ಮಾತ್ರ ಬರೆದರೆ ಆಗುತ್ತಾ, ಕೆಲವು ಉತ್ತರ ಬಾಯಲ್ಲಿ ಕೇಳಬಹುದಾ, ನೋಟ್ಸ್ ಬರೆಯಲು ಸ್ವಲ್ಪ ಜಾಸ್ತಿ ಹೊತ್ತು ಕೊಡಬಹುದಾ ಎಂದು ಕೇಳಿ. ಹೆಚ್ಚಿನ ಟೀಚರ್‌ಗಳು ಒಪ್ಪುತ್ತಾರೆ. ಮಳೆ ರಜೆ ತುಂಬಿಸಲು ಒಟ್ಟಿಗೆ ಕೊಡುವ ಹೋಂವರ್ಕ್ ಬಗ್ಗೆಯೂ ಮಾತಾಡಿ.

ಇಷ್ಟಾದರೂ ಆಗದಿದ್ದರೆ

ಮಗುವಿಗೆ ಎಂಟು ವರ್ಷ ದಾಟಿದೆ, ತಿಂಗಳುಗಟ್ಟಲೆ ಬಿಡದೆ ಮಾಡಿದ್ದೀರಿ, ಬಾಯಲ್ಲಿ ಚುರುಕಾಗಿದೆ, ಬರವಣಿಗೆ ಮಾತ್ರ ಇದ್ದಲ್ಲೇ ಇದೆ. ಅಥವಾ ಒಂದೇ ಪದವನ್ನು ಒಂದೇ ಪುಟದಲ್ಲಿ ಮೂರು ಥರ ಬರೆಯುತ್ತದೆ, ಕೈ ನೋವು ಎಂದು ದಿನಾ ಹೇಳುತ್ತದೆ, ಗುಂಡಿ ಹಾಕುವುದಕ್ಕೂ ಪರದಾಡುತ್ತದೆ. ಆಗ ಪರೀಕ್ಷೆ ಮಾಡಿಸಬೇಕು. ಡಿಸ್‌ಗ್ರಾಫಿಯಾ (ಬರೆಯುವುದೇ ಕಷ್ಟವಾಗುವ ಕಲಿಕಾ ತೊಂದರೆ) ಎಂಬ ಹೆಸರು ಕೇಳಿ ಹೆದರಬೇಡಿ, ಬುದ್ಧಿ ಕಮ್ಮಿ ಎಂದು ಅದರ ಅರ್ಥ ಅಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಹೇಳಿರುವ 21 ಬಗೆಗಳಲ್ಲಿ ನಿರ್ದಿಷ್ಟ ಕಲಿಕಾ ತೊಂದರೆಯೂ ಸೇರಿದೆ.

ಮೊದಲು ಶಾಲೆಯ ಮೂಲಕ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಬಿಆರ್‌ಸಿಯಲ್ಲಿ (ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ) ವಿಶೇಷ ಮಕ್ಕಳ ಸಂಪನ್ಮೂಲ ಶಿಕ್ಷಕರನ್ನು ಕೇಳಿ. ಮಡಿಕೇರಿಯ ಜಿಲ್ಲಾ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ತೋರಿಸಿ, ಮುಂದೆ ಎಲ್ಲಿಗೆ ಹೋಗಬೇಕೆಂದು ಅವರು ಹೇಳುತ್ತಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಕಲಿಕಾ ತೊಂದರೆಯ ಪರೀಕ್ಷೆ ಅಲ್ಲಿ ಕನ್ನಡದಲ್ಲೇ ಮಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದೆ. ಸರ್ಟಿಫಿಕೇಟ್ ಇದ್ದರೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಬೇರೆಯವರ ನೆರವು ಇಂಥ ಸೌಲಭ್ಯ ಸಿಗುತ್ತದೆ. ಹತ್ತನೇ ಕ್ಲಾಸಿಗೆ ಬಂದ ಮೇಲೆ ಓಡಾಡಬೇಡಿ, ಒಂಬತ್ತರಲ್ಲೇ ಹೆಡ್‌ಮಾಸ್ಟರ ಹತ್ತಿರ ಕೇಳಿ ಕಾಗದಪತ್ರ ಸಿದ್ಧ ಮಾಡಿಕೊಳ್ಳಿ.

ಹೋಗುವಾಗ ಹಳೇ ನೋಟ್‌ಪುಸ್ತಕಗಳನ್ನು, ನೀವು ಮೊದಲು ಬರೆಸಿದ ಆ ಮೂರು ಹಾಳೆಗಳನ್ನು, ಇತ್ತೀಚಿನ ಒಂದೆರಡು ಹಾಳೆಗಳನ್ನು ತಾರೀಕು ಹಾಕಿ ಒಂದು ಫೈಲಿನಲ್ಲಿ ಇಟ್ಟುಕೊಂಡು ಹೋಗಿ, ಕನ್ನಡಕ ಇದ್ದರೆ ಅದನ್ನೂ. ಬೆಳಗ್ಗೆ ಮೊದಲ ಬಸ್ಸಿಗೆ ಮಗುವನ್ನು ನಿದ್ದೆಗಣ್ಣಲ್ಲಿ ಎಬ್ಬಿಸಿ ಕರೆದೊಯ್ದರೆ ಪರೀಕ್ಷೆ ಸರಿಯಾಗಿ ಆಗುವುದಿಲ್ಲ, ಸಾಧ್ಯವಾದರೆ ಹಿಂದಿನ ದಿನವೇ ಮೈಸೂರಿಗೆ ಹೋಗಿ ಉಳಿದುಕೊಳ್ಳಿ.